ಕಿಮೋ ಔಷಧಿ ಗಡ್ಡೆಯೊಳಗೆ ಹೋಗಿಯೇ ಬಿಚ್ಚಿಕೊಳ್ಳುವಂತೆ ಮಾಡಬಹುದೇ?

ಕಿಮೋಥೆರಪಿ ಎಂದರೆ ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ಬಾಯಿ ಹುಣ್ಣಾಗುತ್ತದೆ ಎಂದು ನಾವೆಲ್ಲ ಕೇಳಿರುತ್ತೇವೆ. ಈ ಔಷಧಿಗಳಲ್ಲಿ ಹೆಚ್ಚಿನವು ಬೇಗಬೇಗ ವಿಭಜನೆಯಾಗುವ ಜೀವಕೋಶಗಳ ಮೇಲೆ ಬೀಳುತ್ತವೆ. ಕೂದಲಿನ ಬುಡ, ಕರುಳಿನ ಒಳಪದರ, ಮೂಳೆಮಜ್ಜೆಯ ಕೋಶಗಳೂ ಹಾಗೆಯೇ ವಿಭಜನೆಯಾಗುವುದರಿಂದ ಅವಕ್ಕೂ ಪೆಟ್ಟು ತಪ್ಪುವುದಿಲ್ಲ. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಇನ್ನೂ ಒಂದು ಹೆಜ್ಜೆ ಮುಂದೆ: ಅದು ಹೃದಯದ ಸ್ನಾಯುವನ್ನೇ ಕೆಡಿಸಬಲ್ಲದು. ಹಾಗಾಗಿ ಒಬ್ಬ ರೋಗಿಗೆ ಜೀವಮಾನದಲ್ಲಿ ಒಟ್ಟು ಎಷ್ಟು ಕೊಡಬಹುದು ಎಂಬುದಕ್ಕೆ ಮಿತಿಯಿದೆ. ಗಡ್ಡೆ ಕರಗುತ್ತಿದ್ದರೂ ಔಷಧಿ ನಿಲ್ಲಿಸಬೇಕಾಗಬಹುದು.

ಇದಕ್ಕೆ ಸಿಕ್ಕ ಮೊದಲ ಉಪಾಯ, ಔಷಧಿಯನ್ನು ಕೊಬ್ಬಿನ ಪೊರೆಯ ಪುಟ್ಟ ಗುಳ್ಳೆಯೊಳಗೆ ತುಂಬುವುದು. ಈ ಗುಳ್ಳೆಯ ಹೆಸರು ಲೈಪೋಸೋಮ್. ಅಗಲ ಸುಮಾರು 100 ನ್ಯಾನೋಮೀಟರ್. ಇಂಥ ಡಾಕ್ಸಿಲ್‌ಗೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹೃದಯಕ್ಕೆ ಹಾನಿ ಕಡಿಮೆಯಾಯಿತು. ಆದರೆ ಅಂಗೈ, ಅಂಗಾಲು ಕೆಂಪಾಗಿ ಚರ್ಮ ಸುಲಿಯುವ ಹೊಸ ತೊಂದರೆ ಬಂತು. (‘ನ್ಯಾನೋ’ ಎಂದಾಕ್ಷಣ ಅಡ್ಡಪರಿಣಾಮವೇ ಇಲ್ಲ ಎಂದು ನಂಬುವವರು ಇದನ್ನು ಗಮನಿಸಬೇಕು.) ಇನ್ನೊಂದು ತೊಡಕೂ ಇದೆ. ದಾರಿಯಲ್ಲಿ ಸೋರದಷ್ಟು ಗಟ್ಟಿಯಾದ ಗುಳ್ಳೆ, ಗಡ್ಡೆ ತಲುಪಿದ ಮೇಲೂ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ.

ಹಾಗಾದರೆ ಗಡ್ಡೆಯ ಗುಣವನ್ನೇ ಬೀಗದ ಕೈ ಮಾಡಿಕೊಂಡರೆ? ನಮ್ಮ ರಕ್ತದ ಪಿಎಚ್ ಸುಮಾರು 7.4. ಗಡ್ಡೆಯ ಕೋಶಗಳು ಲ್ಯಾಕ್ಟಿಕ್ ಆಮ್ಲವನ್ನು ಹೆಚ್ಚು ಹೊರಹಾಕುವುದರಿಂದ ಅವುಗಳ ಸುತ್ತ ಪಿಎಚ್ 7ಕ್ಕಿಂತ ಕೆಳಗಿಳಿಯುತ್ತದೆ. ಕೋಶವು ಕಣವನ್ನು ನುಂಗಿದರೆ ಅದು ಸೇರುವ ಲೈಸೋಸೋಮ್ ಚೀಲದಲ್ಲಿ ಪಿಎಚ್ ಸುಮಾರು 5. ಹೈಡ್ರಜೋನ್ ಎಂಬ ರಾಸಾಯನಿಕ ಬಂಧ ರಕ್ತದಲ್ಲಿ ಬಹುಮಟ್ಟಿಗೆ ಗಟ್ಟಿಯಾಗಿದ್ದು, ಈ ಹುಳಿಯಲ್ಲಿ ಬೇಗ ಮುರಿಯುತ್ತದೆ. ಔಷಧಿಯನ್ನು ಕಣಕ್ಕೆ ಆ ಬಂಧದಿಂದ ಕಟ್ಟಿದರೆ ಅದು ಕೋಶದೊಳಗೆ ಹೋಗಿ ಬಿಡುಗಡೆಯಾಗುತ್ತದೆ.

ಹೊರಗಿನಿಂದ ಶಾಖ ಕೊಟ್ಟೂ ಬಿಚ್ಚಿಸಬಹುದು. ಥರ್ಮೋಡಾಕ್ಸ್ ಎಂಬ ಲೈಪೋಸೋಮ್‌ನ ಪೊರೆ 40 ಡಿಗ್ರಿ ದಾಟಿದರೆ ಸಡಿಲವಾಗಿ ಕೆಲವೇ ಸೆಕೆಂಡುಗಳಲ್ಲಿ ಡಾಕ್ಸೊರುಬಿಸಿನ್ ಚೆಲ್ಲುತ್ತದೆ. ಪ್ರಯೋಗಾಲಯದಲ್ಲಿ ಸೊಗಸಾಗಿ ನಡೆದ ಇದು, ಯಕೃತ್ತಿನ ಕ್ಯಾನ್ಸರ್ ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ನಿರೀಕ್ಷಿಸಿದ ಲಾಭ ತೋರಲಿಲ್ಲ. ಆ ಫಲಿತಾಂಶ ಬಂದದ್ದು 2013ರಲ್ಲಿ.

ನಮ್ಮ ದೃಷ್ಟಿಯಲ್ಲಿ ದೊಡ್ಡ ಅಡ್ಡಿ ಬೀಗಕ್ಕಿಂತ ದಾರಿಯದ್ದು. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಚುಚ್ಚಿದ ನ್ಯಾನೋಕಣಗಳಲ್ಲಿ ಗಡ್ಡೆ ತಲುಪಿದ್ದು ಶೇ. 0.7ರ ಆಸುಪಾಸು. ಉಳಿದವುಗಳಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳ ಪಾಲು. ಆಮ್ಲಕ್ಕೆ ಬಿಚ್ಚಿಕೊಳ್ಳುವ ಕಣಗಳಲ್ಲಿ ಹೆಚ್ಚಿನವು ಇನ್ನೂ ಪ್ರಯೋಗದ ಹಂತದಲ್ಲಿವೆ. ಆಸ್ಪತ್ರೆಯಲ್ಲಿ ಇಂದು ‘ಲೈಪೋಸೋಮಲ್’ ಎಂದು ಬರೆದುಕೊಡುವ ಡಾಕ್ಸೊರುಬಿಸಿನ್ ಆ ಹಳೆಯ, ಬೀಗದ ಕೈಯಿಲ್ಲದ ಗುಳ್ಳೆಯೇ.