ಸೆವಿಲ್‌ನ ಕ್ಷೌರಿಕನ ಪಾಠಾಂತರಗಳು: ಒಂದು ಇಟಾಲಿಯನ್ ಹಾಸ್ಯ ಗೀತನಾಟಕದ ಧ್ವನಿಮುದ್ರಿಕೆಗಳ ತೌಲನಿಕ ಅಧ್ಯಯನ

1957ರ ಫೆಬ್ರುವರಿಯಲ್ಲಿ ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ ರೊಸ್ಸಿನಿಯ ‘ಸೆವಿಲ್‌ನ ಕ್ಷೌರಿಕ’ ಒಪೆರಾದ ಧ್ವನಿಮುದ್ರಣ ನಡೆಯಿತು. ರೊಸೀನಾ ಪಾತ್ರ ಮರಿಯಾ ಕಲ್ಲಾಸ್ ಅವರದು, ಕ್ಷೌರಿಕ ಫಿಗರೊ ಟಿಟೊ ಗೊಬ್ಬಿ, ಕೌಂಟ್ ಅಲ್ಮವೀವಾ ಪೆರು ದೇಶದ ಲೂಯಿಜಿ ಆಲ್ವಾ. ಸಂಗೀತ ನಿರ್ದೇಶನ ಆಲ್ಚೆಯೊ ಗಲ್ಲಿಯೆರಾ ಅವರದು, ವಾದ್ಯವೃಂದ ಫಿಲಾರ್ಮೋನಿಯಾ. ಈ ಕೊನೆಯ ಹೆಸರಿಗೂ ಮೈಸೂರಿಗೂ ನಂಟಿದೆ.

ಇಎಂಐ ಕಂಪನಿಯ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಈ ವಾದ್ಯವೃಂದ ಯುದ್ಧಾನಂತರದ ಬಡತನದಲ್ಲಿ ಏಗುತ್ತಿದ್ದಾಗ ನೆರವಿಗೆ ಬಂದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಫಿಲಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಮರೆತುಹೋದವರಂತೆ ಬದುಕುತ್ತಿದ್ದಾಗ ಅವರ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ಮುದ್ರಿಸುವ ವ್ಯವಸ್ಥೆ ಮಾಡಿದವರೂ ಇದೇ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಮೈಸೂರಿನ ಪೋಷಣೆಯಿಂದ. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ಈ ದೊರೆ ಪಾಶ್ಚಾತ್ಯ ಸಂಗೀತದ ತಟ್ಟೆಗಳ ದೊಡ್ಡ ಭಂಡಾರವನ್ನೂ ಅರಮನೆಯಲ್ಲಿ ಕೂಡಿಟ್ಟಿದ್ದರು. 1957ರ ‘ಕ್ಷೌರಿಕ’ಕ್ಕೆ ಮೈಸೂರಿನ ಹಣ ಹೋಯಿತೆಂದು ನಾನು ಹೇಳುತ್ತಿಲ್ಲ. ಆ ವಾದ್ಯವೃಂದ ಕಷ್ಟದ ವರ್ಷಗಳನ್ನು ದಾಟಿ ನಿಂತದ್ದರಲ್ಲಿ ಮೈಸೂರಿನ ಪಾಲಿದೆ ಎಂಬುದಷ್ಟೇ ನನ್ನ ಮಾತು. ಒಂದೇ ಕೃತಿಯ ಹಲವು ಮುದ್ರಿಕೆಗಳನ್ನು ಕೂಡಿಟ್ಟು ಕೇಳಿ ತೂಗುವ ಅಭ್ಯಾಸ ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೂ ಇದು ಸಾಕ್ಷಿ.

ಹೀಗೆ ಕೇಳುವುದಕ್ಕೆ ನಮ್ಮಲ್ಲಿ ಒಂದು ಸಿದ್ಧ ವಿಧಾನವೂ ಇದೆ. ಹಳಗನ್ನಡ ಕಾವ್ಯಗಳ ಓಲೆಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಗುರುತಿಸಿ, ಪ್ರಕ್ಷೇಪಗಳನ್ನು ಬೇರ್ಪಡಿಸುವ ಗ್ರಂಥಸಂಪಾದನೆಯ ಶಿಸ್ತು ಅದು. ಮುದ್ರಿಕೆಗಳನ್ನು ಒಂದೊಂದು ಹಸ್ತಪ್ರತಿಯಂತೆ ಎದುರಿಗಿಟ್ಟುಕೊಂಡರೆ ‘ಯಾರು ಚೆನ್ನಾಗಿ ಹಾಡಿದರು’ ಎಂಬ ರುಚಿಯ ಪ್ರಶ್ನೆಗಿಂತ ಮೊದಲು ‘ಯಾರು ಏನನ್ನು ಹಾಡಿದರು, ಏನನ್ನು ಬಿಟ್ಟರು, ಏಕೆ’ ಎಂಬ ಚರಿತ್ರೆಯ ಪ್ರಶ್ನೆ ಎದ್ದುಬರುತ್ತದೆ. ‘ಕ್ಷೌರಿಕ’ದಲ್ಲಿ ಈ ಪ್ರಶ್ನೆಗೆ ಸಿಗುವಷ್ಟು ಉತ್ತರಗಳು ಬೇರೆ ಹಾಸ್ಯ ಒಪೆರಾದಲ್ಲಿ ಸಿಗುವುದು ಅಪರೂಪ.

ಮೊದಲು ಮೂಲಪಾಠದ ಸಂಗತಿ. 1816ರ ಫೆಬ್ರುವರಿ 20ರಂದು ರೋಮಿನ ಆರ್ಜೆಂಟೀನಾ ರಂಗಮಂದಿರದಲ್ಲಿ ಇದು ರಂಗಕ್ಕೆ ಬಂತು. ರೊಸ್ಸಿನಿಗೆ ಆಗ ಇಪ್ಪತ್ತಮೂರು ವರ್ಷ. ಸಾಹಿತ್ಯ ಚೆಸರೆ ಸ್ಟೆರ್ಬಿನಿಯದು, ಕಥೆ ಫ್ರೆಂಚ್ ನಾಟಕಕಾರ ಬೊಮಾರ್ಶೆಯದು. ಮುದಿ ವೈದ್ಯ ಬಾರ್ತೊಲೊ ತನ್ನ ಆಶ್ರಯದಲ್ಲಿರುವ ರೊಸೀನಾಳನ್ನು ಮದುವೆಯಾಗಿ ಅವಳ ಹಣ ಹೊಡೆಯಲು ಹೊಂಚು ಹಾಕುತ್ತಾನೆ. ಕೌಂಟ್ ವೇಷ ಮರೆಸಿಕೊಂಡು ಮನೆಯೊಳಗೆ ನುಗ್ಗುತ್ತಾನೆ. ಊರಿನ ಕ್ಷೌರಿಕ ಉಪಾಯ ಹೇಳಿಕೊಡುತ್ತಾನೆ. ಇದೇ ಕಥೆಯ ಮೇಲೆ ಪಾಯಿಸಿಯೆಲ್ಲೊ 1782ರಲ್ಲೇ ಒಪೆರಾ ಬರೆದು ಹೆಸರಾಗಿದ್ದರಿಂದ, ಹಿರಿಯನ ಗೌರವಕ್ಕೆ ಚ್ಯುತಿ ಬಾರದಿರಲೆಂದು ರೊಸ್ಸಿನಿಯ ಕೃತಿಗೆ ‘ಅಲ್ಮವೀವಾ’ ಎಂದು ಹೆಸರಿಟ್ಟರು. ಮೊದಲ ರಾತ್ರಿ ಗದ್ದಲದಲ್ಲಿ ಮುಳುಗಿಹೋಯಿತು, ಎರಡನೆಯ ರಾತ್ರಿಯಿಂದ ಗೆದ್ದಿತು. ಅದೇ ವರ್ಷ ಬೊಲೊನ್ಯಾದಲ್ಲಿ ಆಡಿದಾಗ ಈಗಿನ ಹೆಸರು ಬಂತು.

ಆಮೇಲಿನ ನೂರು ವರ್ಷಗಳಲ್ಲಿ ಪ್ರಕ್ಷೇಪಗಳು ಒಂದರ ಮೇಲೊಂದು ಬಂದು ಕೂತವು. ರೊಸ್ಸಿನಿ ರೊಸೀನಾಳ ಪಾತ್ರವನ್ನು ಬರೆದದ್ದು ಜೆಲ್ತ್ರೂದೆ ರಿಗೆತ್ತಿ ಜಿಯೊರ್ಜಿ ಎಂಬ ಮಂದ್ರ ಶಾರೀರದ ಗಾಯಕಿಗೆ. ತಾರಸ್ಥಾಯಿಯ ಸೊಪ್ರಾನೊ ಗಾಯಕಿಯರು ಅದನ್ನು ತಮ್ಮದಾಗಿಸಿಕೊಂಡು, ಅವಳ ಪ್ರವೇಶದ ಹಾಡು ‘ಉನಾ ವೋಚೆ ಪೋಕೊ ಫಾ’ವನ್ನು ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಕೀಲಿ ಮೇಲೇರಿಸಿದರು. ಬಾರ್ತೊಲೊನ ಕಠಿಣವಾದ ಹಾಡಿನ ಜಾಗದಲ್ಲಿ ಪಿಯೆತ್ರೊ ರೊಮಾನಿ ಎಂಬವನ ಸುಲಭದ ಹಾಡು ಕೂತು, ಅಚ್ಚಾದ ಪುಸ್ತಕಗಳಿಗೂ ನುಗ್ಗಿತು. ವಾದ್ಯಮೇಳ ದಪ್ಪವಾಯಿತು. ಧ್ವನಿಮುದ್ರಣ ಯಂತ್ರ ಬಂದಾಗ ಅದರ ಕಿವಿಗೆ ಬಿದ್ದದ್ದು ಈ ಪರಂಪರೆಯ ಪಾಠವೇ ಹೊರತು ರೊಸ್ಸಿನಿಯ ಮೂಲವಲ್ಲ.

1929ರಲ್ಲಿ ಮಿಲಾನಿನ ಲಾ ಸ್ಕಾಲಾ ಮೇಳದೊಡನೆ ಕೊಲಂಬಿಯಾ ಕಂಪನಿ ಮಾಡಿದ ಮುದ್ರಣ ಈ ಪರಂಪರೆಯ ಅತ್ಯುತ್ತಮ ಪ್ರತಿ. ನಿರ್ದೇಶಕ ಲೊರೆಂಜೊ ಮೊಲಯೊಲಿ. ಫಿಗರೊ ಆಗಿ ಹಾಡಿದ ರಿಕ್ಕಾರ್ದೊ ಸ್ತ್ರಾಚ್ಚಾರಿಗೆ ಐವತ್ತು ದಾಟಿತ್ತು. ಆದರೂ ಆ ಕಂಠದ ಗತ್ತು, ಮಾತಿನ ಬನಿ ನಂತರದ ಯಾರಲ್ಲೂ ಅಷ್ಟು ಸಹಜವಾಗಿಲ್ಲ. ರೊಸೀನಾ ಮೆರ್ಸೆದೆಸ್ ಕಪ್ಸೀರ್, ಹಕ್ಕಿಯಂತೆ ಮೇಲೆ ಹಾರುವ ಸೊಪ್ರಾನೊ. ಈ ಮುದ್ರಣವನ್ನು ಕೇಳುವಾಗ ತಟ್ಟೆಯ ಅಳತೆಯನ್ನು ಮರೆಯಬಾರದು. 12 ಇಂಚಿನ 78 ವೇಗದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ನಾಲ್ಕರಿಂದ ಐದು ನಿಮಿಷ. ಎರಡೂವರೆ ಗಂಟೆಯ ಕೃತಿಯನ್ನು ಈ ತುಂಡುಗಳಿಗೆ ಹೊಂದಿಸಬೇಕಾದಾಗ ಮೊದಲು ಕತ್ತರಿ ಬೀಳುತ್ತಿದ್ದದ್ದು ಹಾಡುಗಳ ನಡುವಿನ ಮಾತುಗಾಯನಕ್ಕೆ. ಹಾಸ್ಯ ನಾಟಕದಲ್ಲಿ ಮಾತು ಹೋದರೆ ಕಥೆ ಹೋಯಿತು. ಉಳಿಯುವುದು ಹಾಡುಗಳ ಮಾಲೆ. ನಮ್ಮ ಕಂಪನಿ ನಾಟಕಗಳಿಗೂ ಇದೇ ಗತಿಯಾಯಿತು. ರಂಗದಲ್ಲಿ ಇಡೀ ರಾತ್ರಿ ನಡೆಯುತ್ತಿದ್ದ ನಾಟಕದಿಂದ ತಟ್ಟೆಗೆ ಇಳಿದದ್ದು ಮೂರು-ನಾಲ್ಕು ನಿಮಿಷದ ರಂಗಗೀತೆ ಮಾತ್ರ.

ಉದ್ದವಾಡುವ ಎಲ್‌ಪಿ ತಟ್ಟೆ ಬಂದ ಮೇಲೆ ಮಾತು ಮರಳಿತು, 1957ರ ಕಲ್ಲಾಸ್-ಗೊಬ್ಬಿ ಮುದ್ರಣದ ಹೆಚ್ಚುಗಾರಿಕೆ ಇರುವುದೂ ಅಲ್ಲೇ. ಕಲ್ಲಾಸ್ ಸೊಪ್ರಾನೊ ಆಗಿದ್ದೂ ಪಾತ್ರದ ಮಂದ್ರದ ಬಣ್ಣವನ್ನು ಬಿಟ್ಟುಕೊಡಲಿಲ್ಲ. ಪ್ರವೇಶದ ಹಾಡಿನಲ್ಲಿ ರೊಸೀನಾ ತಾನೆಷ್ಟು ವಿಧೇಯಳು, ಎಷ್ಟು ಮೃದು ಎಂದು ಹೇಳುತ್ತ ಬಂದು, ‘ಆದರೆ ನನ್ನನ್ನು ಕೆಣಕಿದರೆ’ ಎಂದು ತಿರುಗುವ ಜಾಗವಿದೆ. ಇಟಾಲಿಯನ್ನಿನಲ್ಲಿ ಆ ‘ಆದರೆ’ ಒಂದೇ ಅಕ್ಷರ. ಕಪ್ಸೀರ್ ಅದನ್ನು ದಾಟಿಕೊಂಡು ಹೋಗುತ್ತಾರೆ. ಕಲ್ಲಾಸ್ ಆ ಅಕ್ಷರವನ್ನು ತಡೆದು, ಉಸಿರು ಕಟ್ಟಿ, ಥಟ್ಟನೆ ಬಿಡುತ್ತಾರೆ. ಮುದಿ ವೈದ್ಯನ ಮದುವೆಯ ಆಟ ಮುಗಿಯಿತೆಂದು ಕೇಳುಗನಿಗೆ ಅಲ್ಲೇ ಗೊತ್ತಾಗುತ್ತದೆ. ಒಂದು ವರ್ಷದ ಹಿಂದೆ ಇದೇ ಪಾತ್ರವನ್ನು ಅವರು ಲಾ ಸ್ಕಾಲಾ ರಂಗದ ಮೇಲೆ ಮಾಡಿದಾಗ ಜನ ಮೆಚ್ಚಿರಲಿಲ್ಲ. ರಂಗದಲ್ಲಿ ಸೋತ ಪಾತ್ರ ಮೈಕಿನ ಮುಂದೆ ಗೆದ್ದ ಉದಾಹರಣೆ ಇದು. ಧ್ವನಿಮುದ್ರಿಕೆ ರಂಗಪ್ರಯೋಗದ ನೆರಳಲ್ಲ, ಅದು ಬೇರೆಯೇ ಒಂದು ಪ್ರಯೋಗ ಎಂದು ಅಧ್ಯಯನಕಾರರು ಒಪ್ಪಲೇಬೇಕು.

ಪಾಠಾಂತರದ ದೃಷ್ಟಿಯಿಂದ ಅತ್ಯಂತ ಫಲವತ್ತಾದ ಜಾಗ ಎರಡನೆಯ ಅಂಕದ ಸಂಗೀತ ಪಾಠದ ದೃಶ್ಯ. ಕೌಂಟ್ ಸಂಗೀತದ ಮೇಷ್ಟರ ವೇಷದಲ್ಲಿ ಬಂದು ರೊಸೀನಾಳಿಗೆ ಪಾಠ ಹೇಳುತ್ತಾನೆ, ವೈದ್ಯ ಪಕ್ಕದಲ್ಲೇ ತೂಕಡಿಸುತ್ತಾನೆ. ರೊಸ್ಸಿನಿ ಇಲ್ಲಿಗೆಂದೇ ಹಾಡು ಬರೆದಿದ್ದ. ಆದರೆ ಹತ್ತೊಂಬತ್ತನೆಯ ಶತಮಾನದ ಪ್ರಖ್ಯಾತ ಗಾಯಕಿಯರು ಆ ಹಾಡನ್ನು ಬದಿಗಿಟ್ಟು ತಮಗೆ ಒಪ್ಪುವ ಯಾವುದೋ ಹಾಡನ್ನು ಹಾಡಿದರು. ಅಡೆಲೀನಾ ಪಾಟ್ಟಿ, ನೆಲ್ಲಿ ಮೆಲ್ಬಾ ಅಂಥವರ ಕಾಲದಲ್ಲಿ ಅದು ನಾಟಕದೊಳಗಿನ ಒಂದು ಪುಟ್ಟ ಕಚೇರಿ. ಜನ ಕಾಯುತ್ತಿದ್ದದ್ದೂ ಅದಕ್ಕೇ.

ಇದನ್ನು ಅಪಚಾರವೆಂದು ತಳ್ಳಿಹಾಕುವವರು ನಮ್ಮ ರಂಗಭೂಮಿಯನ್ನು ಒಮ್ಮೆ ನೋಡಬೇಕು. ತೊಂಡೇಬಾವಿ, ಗೌರಿಬಿದನೂರು ಸೀಮೆಯ ಊರುಗಳಲ್ಲಿ ‘ಕುರುಕ್ಷೇತ್ರ’ ಆಡುವಾಗ ಕೃಷ್ಣನ ಪಾತ್ರಧಾರಿ ಹಾರ್ಮೋನಿಯಂ ಮೇಷ್ಟರಿಗೆ ಕಣ್ಸನ್ನೆ ಮಾಡಿ, ಪುಸ್ತಕದಲ್ಲಿಲ್ಲದ ತನ್ನ ಮೆಚ್ಚಿನ ಪದ್ಯ ಎತ್ತಿಕೊಳ್ಳುತ್ತಾನೆ. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಕನ್ನಡ ನಾಟಕದ ನಡುವೆ ತೆಲುಗು ಪದ್ಯ ಬಂದರೂ ಯಾರೂ ಹುಬ್ಬೇರಿಸುವುದಿಲ್ಲ. ಚಪ್ಪಾಳೆ ಬೀಳುತ್ತದೆ, ‘ಒನ್ಸ್ ಮೋರ್’ ಕೂಗು ಏಳುತ್ತದೆ, ಅದೇ ಪದ್ಯ ಮತ್ತೆ ಬರುತ್ತದೆ. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ‘ಸದಾರಮೆ’ಯಲ್ಲಿ ಅವರ ಕಳ್ಳನ ಪಾತ್ರಕ್ಕೆ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ಮಾತು ಎಷ್ಟು ಮುಖ್ಯವೋ, ಸಭೆ ನೋಡಿ ವೀರಣ್ಣನವರು ಅಲ್ಲೇ ಹುಟ್ಟಿಸುತ್ತಿದ್ದ ಮಾತೂ ಅಷ್ಟೇ ಮುಖ್ಯ. ಇಂಥ ಕಡೆ ಸೇರ್ಪಡೆ ಕೃತಿಯ ಕೊಳೆಯಲ್ಲ, ಅದರ ಜೀವನಕ್ರಮ. ಹಾಗಾಗಿ ‘ಕ್ಷೌರಿಕ’ದ ಹಳೆಯ ಮುದ್ರಿಕೆಗಳ ಅಲಂಕಾರಗಳನ್ನು ತಪ್ಪೆಂದು ಎಣಿಸದೆ, ರಂಗದ ರೂಢಿಯ ದಾಖಲೆಯೆಂದು ಓದಬೇಕು ಎಂಬುದು ನನ್ನ ನಿಲುವು.

ಆದರೂ ಮೂಲಪಾಠ ಬೇಡವೆನ್ನಲಾಗದು. ಬೊಲೊನ್ಯಾದಲ್ಲಿ ರೊಸ್ಸಿನಿಯ ಸ್ವಹಸ್ತ ಪ್ರತಿ ಉಳಿದಿದೆ. ಆಲ್ಬೆರ್ತೊ ಜೆದ್ದಾ ಅದನ್ನು ಆಧಾರವಾಗಿಟ್ಟುಕೊಂಡು ಸಂಪಾದಿಸಿದ ವಿಮರ್ಶಾತ್ಮಕ ಆವೃತ್ತಿ 1969ರಲ್ಲಿ ಬಂತು. ಸಂಗೀತ ನಿರ್ದೇಶಕ ಕ್ಲೌದಿಯೊ ಅಬ್ಬಾದೊ ಅದನ್ನು ಲಾ ಸ್ಕಾಲಾದಲ್ಲಿ ನಡೆಸಿ, 1971ರಲ್ಲಿ ಲಂಡನ್ ಸಿಂಫನಿ ವಾದ್ಯವೃಂದದೊಡನೆ ಮುದ್ರಿಸಿದರು. ಫಿಗರೊ ಹೆರ್ಮಾನ್ ಪ್ರೈ, ರೊಸೀನಾ ಮಧ್ಯಮ ಶಾರೀರದ ಮೆಜ್ಜೊ ಗಾಯಕಿ ತೆರೆಸಾ ಬೆರ್ಗಾಂಜಾ, ಬಾರ್ತೊಲೊ ಎನ್ಜೊ ದಾರಾ, ಕೌಂಟ್ ಮತ್ತದೇ ಆಲ್ವಾ. ದಪ್ಪ ವಾದ್ಯಗಳು ಕಳಚಿಬಿದ್ದ ಮೇಲೆ ಈ ಸಂಗೀತ ಎಷ್ಟು ತೆಳುವಾಗಿ, ಚುರುಕಾಗಿ ಓಡುತ್ತದೆಂಬುದಕ್ಕೆ ರೊಸೀನಾಳ ಸಂಗೀತದ ಮೇಷ್ಟರು ಬಸೀಲಿಯೊನ ‘ಲಾ ಕಲುನ್ನಿಯಾ’ ಹಾಡು ಕೇಳಿದರೆ ಸಾಕು. ಅಪಪ್ರಚಾರ ಪಿಸುಮಾತಿನಿಂದ ಹೊರಟು ತೋಪಿನ ಸದ್ದಾಗುವ ಬಗೆಯನ್ನು ವರ್ಣಿಸುವ ಹಾಡು ಅದು. ಪಿಟೀಲುಗಳ ಕಮಾನು ಕುದುರೆಯ ಹತ್ತಿರ ಸವರಿ ಹುಟ್ಟಿಸುವ ಕೀರಲು ಪಿಸುಗುಟ್ಟು ಮೊದಲು ಕೇಳಿಸುವುದೇ ಇಲ್ಲವೆನ್ನುವಷ್ಟು ಸಣ್ಣದು. ಅಬ್ಬಾದೊ ಎಲ್ಲಿಯೂ ಅವಸರಪಡುವುದಿಲ್ಲ. ಸದ್ದು ಹೆಚ್ಚುತ್ತದೆ, ಲಯ ಕದಲುವುದಿಲ್ಲ. ಹಳೆಯ ಮುದ್ರಿಕೆಗಳಲ್ಲಿ ನಗು ಗಾಯಕನ ಚೇಷ್ಟೆಯಿಂದ ಬರುತ್ತಿತ್ತು; ಇಲ್ಲಿ ಅದು ಸ್ವರಗಳ ಕಟ್ಟಿನಿಂದಲೇ ಬರುತ್ತದೆ.

ಪ್ರೈ ಅವರನ್ನು 1959ರ ಮ್ಯೂನಿಕ್ ಪ್ರದರ್ಶನದ ದಾಖಲೆಯಲ್ಲೂ ಕೇಳಬಹುದು. ಅಲ್ಲಿ ಫ್ರಿಟ್ಜ್ ವುಂಡರ್ಲಿಶ್ ಕೌಂಟ್, ಭಾಷೆ ಜರ್ಮನ್. ಒಬ್ಬನೇ ಗಾಯಕ, ಒಂದೇ ಪಾತ್ರ, ಎರಡು ನುಡಿ. ಜರ್ಮನ್ನಿನ ಒತ್ತಕ್ಷರಗಳಲ್ಲಿ ಫಿಗರೊ ಹೆಚ್ಚು ಒರಟ, ಇಟಾಲಿಯನ್ನಿನ ತೆರೆದ ಸ್ವರಗಳಲ್ಲಿ ಹೆಚ್ಚು ನುಣುಚಿಕೊಳ್ಳುವವನು.

ಕೊನೆಯದಾಗಿ, ಕೃತಿಯ ಅರ್ಥವನ್ನೇ ಬದಲಿಸುವ ಒಂದು ಪಾಠಾಂತರ. ಮೊದಲ ಪ್ರದರ್ಶನದಲ್ಲಿ ಕೌಂಟ್ ಆಗಿದ್ದವನು ಮನುಯೆಲ್ ಗಾರ್ಸಿಯಾ ಎಂಬ ಸ್ಪೇನಿನ ಮಹಾಗಾಯಕ. ಅವನಿಗಾಗಿ ರೊಸ್ಸಿನಿ ಕೊನೆಯಲ್ಲಿ ‘ಚೆಸ್ಸಾ ದಿ ಪಿಯೂ ರೆಸಿಸ್ತೆರೆ’ ಎಂಬ ದೀರ್ಘವಾದ, ಬಿರ್ಕಗಳಿಂದ ತುಂಬಿದ ಹಾಡು ಬರೆದ. ಗಾರ್ಸಿಯಾನಷ್ಟು ಹಾಡಬಲ್ಲವರು ಸಿಗದೆ ಅದು ಬಿದ್ದುಹೋಯಿತು. ರೊಸ್ಸಿನಿಯೇ ಅದರ ಧಾಟಿಯನ್ನು ಮರುವರ್ಷ ತನ್ನ ‘ಚೆನೆರೆಂತೊಲಾ’ ಒಪೆರಾದ ನಾಯಕಿಗೆ ಕೊಟ್ಟುಬಿಟ್ಟ. 1929ರಲ್ಲಿ ಈ ಹಾಡಿಲ್ಲ, 1957ರಲ್ಲಿಲ್ಲ, ಮೂಲಪಾಠಕ್ಕೆ ನಿಷ್ಠವಾದ 1971ರಲ್ಲೂ ಇಲ್ಲ. 1958ರಲ್ಲಿ ಎರಿಕ್ ಲೈನ್ಸ್‌ಡೋರ್ಫ್ ನಿರ್ದೇಶನದ ನ್ಯೂಯಾರ್ಕ್ ಮುದ್ರಣದಲ್ಲಿ ಚೆಸರೆ ವಲ್ಲೆತ್ತಿ ಅದನ್ನು ಹಾಡಿದರು. 1988ರಲ್ಲಿ ಪತಾನೆ ನಿರ್ದೇಶನದ ಮುದ್ರಣದಲ್ಲಿ ವಿಲಿಯಂ ಮತ್ತೆಯುತ್ಸಿ. ಪೆರುವಿನ ಇನ್ನೊಬ್ಬ ಮಗ ಹುವಾನ್ ದಿಯೆಗೊ ಫ್ಲೋರೆಸ್ ಈ ಶತಮಾನದಲ್ಲಿ ಅದನ್ನು ಮನೆಮಾತಾಗಿಸಿದರು. ಹಾಡು ಬಿಟ್ಟರೆ ಇದು ಕ್ಷೌರಿಕನ ಜಾಣ್ಮೆಯ ಕಥೆ. ಹಾಡು ಸೇರಿದರೆ ದೊರೆಮಗ ತನ್ನ ಅಧಿಕಾರ ತೋರಿಸಿ ಮುದುಕನನ್ನು ಸುಮ್ಮನಾಗಿಸುವ ಕಥೆ. ‘ಅಲ್ಮವೀವಾ’ ಎಂಬ ಮೊದಲ ಹೆಸರು ಆಗ ಸರಿಯಾಗಿ ಹೊಂದುತ್ತದೆ. ಪುಸ್ತಕ ಓದಿ ಊಹಿಸಬಹುದಾದ ಈ ವ್ಯತ್ಯಾಸ ಕಿವಿಗೆ ಬೀಳುವುದು ಮುದ್ರಿಕೆಗಳನ್ನು ಅಕ್ಕಪಕ್ಕ ಇಟ್ಟಾಗಲೇ.

ಹೊಸದಾಗಿ ಕೇಳುವವರಿಗೆ ನನ್ನ ಶಿಫಾರಸು 1971ರ ಅಬ್ಬಾದೊ. ಪಾತ್ರಗಳ ಮಾತಿನ ಸೊಗಸಿಗೆ 1957. ಕಳೆದುಹೋದ ಗಾಯನ ಶೈಲಿಗೆ 1929. ಇಟಲಿಯ ಒಂದು ನಾಟಕಕ್ಕೆ ಸಾಧ್ಯವಾದ ಈ ಅಧ್ಯಯನ ನಮ್ಮ ರಂಗಗೀತೆಗಳಿಗೂ ಸಾಧ್ಯವಾಗಬೇಕು. ಗುಬ್ಬಿ ಕಂಪನಿಯ, ಬೇರೆ ಮೇಳಗಳ ಹಾಡಿನ ತಟ್ಟೆಗಳು ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಇನ್ನೂ ಉಳಿದಿರುವ ಮನೆಗಳವರಲ್ಲಿ ನನ್ನ ವಿನಂತಿ ಇಷ್ಟೇ: ಅವನ್ನು ಗುಜರಿಗೆ ಹಾಕಬೇಡಿ. ಲೇಬಲ್ಲಿನ ಮೇಲಿನ ನಾಟಕದ ಹೆಸರು, ಹಾಡಿದವರ ಹೆಸರು, ಲೇಬಲ್ಲಿನ ಸುತ್ತ ತಟ್ಟೆಯ ಮೈಮೇಲೆ ಕೊರೆದಿರುವ ಸಂಖ್ಯೆ, ಇವನ್ನು ಬರೆದಿಟ್ಟುಕೊಳ್ಳಿ; ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿ ಇಡಿ; ಡಿಜಿಟಲ್ ಪ್ರತಿ ಮಾಡಿಸಿ ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ಅಥವಾ ಸಂಗೀತ ವಿಭಾಗಕ್ಕೆ ಒಂದನ್ನು ಕೊಡಿ.