ಲಾಟೀನಿನಿಂದ ಬ್ಯಾಟರಿ ಪೆಟ್ಟಿಗೆಯವರೆಗೆ

ದಿಲ್ಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಕರೆಂಟು ಹೋಗುವುದು ಹೊಸ ಸಂಗತಿಯೇನಲ್ಲ. 2012ರ ಜುಲೈ 30ರಂದು ರಾತ್ರಿ ಎರಡೂವರೆಯ ಹೊತ್ತಿಗೆ ಉತ್ತರ ಭಾರತದ ವಿದ್ಯುತ್ ಜಾಲ ಕುಸಿದುದನ್ನೂ, ಮರುದಿನ ಮಧ್ಯಾಹ್ನ ಪೂರ್ವ ಹಾಗೂ ಈಶಾನ್ಯದ ಜಾಲಗಳನ್ನೂ ಎಳೆದುಕೊಂಡು ಮತ್ತೊಮ್ಮೆ ಬಿದ್ದುದನ್ನೂ ವಾಚಕರು ಮರೆತಿರಲಾರರು. ಎರಡನೆಯ ದಿನ ಸುಮಾರು 60 ಕೋಟಿ ಜನ ವಿದ್ಯುತ್ತಿಲ್ಲದೆ ಉಳಿದರು. ಮೆಟ್ರೋ ರೈಲುಗಳು ನಿಂತವು.

ವಿದ್ಯುತ್ತಿನ ವಿಷಯದಲ್ಲಿ ನಮ್ಮ ನಾಡಿಗೆ ಹೆಮ್ಮೆಯ ಇತಿಹಾಸವೇ ಇದೆ. 1902ರಲ್ಲಿ ಶಿವನಸಮುದ್ರದ ಕಾವೇರಿ, 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಕೊಟ್ಟಳು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಆದರೂ ಹಳ್ಳಿಯ ಮನೆಗಳಲ್ಲಿ ಬಹುಕಾಲ ಬುಡ್ಡಿ, ಲಾಟೀನುಗಳೇ ಗತಿ. ಮದುವೆಮನೆಗೆ ಪೆಟ್ರೊಮ್ಯಾಕ್ಸ್ ಬಂದರೆ ಅದೇ ವೈಭವ. ತಂತಿಯ ಮೇಲಿನ ವಿದ್ಯುತ್ತು ಹರಿಯುವ ನೀರಿನಂತೆ. ಹರಿವು ನಿಂತಾಗ ಬೇಕಾದುದು ಹಂಡೆಯಲ್ಲಿ ತುಂಬಿಟ್ಟ ನೀರು.

ಆ ಹಂಡೆಯನ್ನು ಕೊಟ್ಟವರು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. 1800ರಲ್ಲಿ ಇಟಲಿಯ ವೋಲ್ಟಾ ರಚಿಸಿದ ಬ್ಯಾಟರಿ ಒಮ್ಮೆ ಬರಿದಾದರೆ ಮುಗಿಯಿತು. ಪ್ಲಾಂಟೆಯವರು 1859ರಲ್ಲಿ ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು ಮಾಡಿ ತೋರಿಸಿದರು. ಇಂದು ನಮ್ಮ ಬಾಲ್ಕನಿಗಳಲ್ಲಿ ಇನ್ವರ್ಟರಿನ ಕೆಳಗೆ ಕೂತಿರುವ ಭಾರದ ಬ್ಯಾಟರಿ ಅದರ ಸಂತಾನವೇ.

ಪ್ಲಾಂಟೆಯ ಬ್ಯಾಟರಿಯ ಚಿತ್ರ ಬರೆದು ಬಿ.ಎಸ್ಸಿ.ಯಲ್ಲಿ ಅಂಕ ಪಡೆದವರು ನಾವು. ಆದರೆ ಓದಿದ್ದು ಕೈಗೆ ಬಂದಿರಲಿಲ್ಲ. 2021ರ ಮೇ ತಿಂಗಳು. ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದ ನಮ್ಮ ತಾಯಿಯವರಿಗೆ ಮನೆಯಲ್ಲೇ ಕಾನ್ಸಂಟ್ರೇಟರ್ ಮೂಲಕ ಆಮ್ಲಜನಕ ಕೊಡುತ್ತಿದ್ದೆವು. ರಾತ್ರಿ ಒಂದು ಗಂಟೆಗೆ ಕರೆಂಟು ಹೋಯಿತು. ಇನ್ವರ್ಟರ್ ಇದೆಯೆಂಬ ಧೈರ್ಯ ಇಪ್ಪತ್ತೇ ನಿಮಿಷ ಉಳಿಯಿತು; ಅದು ಕೀ ಎಂದು ಕೂಗಿ ಆರಿಹೋಯಿತು. ಪಕ್ಕದ ಮನೆಯ ಪಂಜಾಬಿ ದಂಪತಿ ತಮ್ಮ ಫ್ಯಾನು ಆರಿಸಿ, ತಮ್ಮ ಇನ್ವರ್ಟರಿನಿಂದ ಬಾಲ್ಕನಿಯ ಮೂಲಕ ವೈರು ಎಳೆದು ಕೊಟ್ಟರು. ಕರೆಂಟು ಬಂದುದು ಎರಡು ಗಂಟೆಯ ಬಳಿಕ. ತಾಯಿಯವರು ಉಳಿದರು. ಬೆಳಿಗ್ಗೆ ನಮ್ಮ ಬ್ಯಾಟರಿಯ ಮುಚ್ಚಳ ತೆರೆದು ನೋಡಿದರೆ, ನೀರು ತಗಡುಗಳಿಗಿಂತ ಕೆಳಗಿಳಿದಿತ್ತು! ತಪ್ಪು ಬ್ಯಾಟರಿಯದಲ್ಲ, ನಮ್ಮದು.

ಅಂದಿನಿಂದ ನಾವು ಲೆಕ್ಕ ಹಾಕಲು ಕಲಿತೆವು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಶಕ್ತಿಯಿದೆ. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಅರ್ಧದಷ್ಟೇ ಬಳಸಿ, ಇನ್ವರ್ಟರಿನ ನಷ್ಟವನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು 800. ಒಂದು ಫ್ಯಾನು, ಮೂರು ಎಲ್‌ಇಡಿ ಬಲ್ಬು ಸೇರಿ 100 ವ್ಯಾಟ್. ಎಂಟು ಗಂಟೆ ನಡೆಯುತ್ತದೆ. ಸುಮಾರು 350 ವ್ಯಾಟಿನ ಕಾನ್ಸಂಟ್ರೇಟರಾದರೆ ಎರಡು ಗಂಟೆಗೆ ಸ್ವಲ್ಪ ಮೇಲೆ, ಅಷ್ಟೆ.

ಈಗ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಲಿಥಿಯಂ ಪೆಟ್ಟಿಗೆಗಳು ಬಂದಿವೆ. ಲಿಥಿಯಂ-ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಸಂಸ್ಥೆ ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರ ನೊಬೆಲ್ ಪಾರಿತೋಷಕ ದೊರೆಯಿತು. ಇದಕ್ಕೆ ನೀರು ಹಾಕಬೇಕಿಲ್ಲ, ಗೋಡೆ ಕೊರೆಯಬೇಕಿಲ್ಲ. ಬಾಡಿಗೆಮನೆ, ಕ್ವಾರ್ಟರ್ಸುಗಳಲ್ಲಿದ್ದು ವರ್ಗಾವಣೆಗೆ ಸದಾ ಸಿದ್ಧರಾಗಿರುವ ನಮ್ಮಂಥವರಿಗೆ ಇದು ಅನುಕೂಲ. ಆದರೆ 500 ವ್ಯಾಟ್-ಅವರಿನ ಪೆಟ್ಟಿಗೆ ಮೇಲಿನ ಫ್ಯಾನು-ಬಲ್ಬುಗಳಿಗೆ ನಾಲ್ಕು ಗಂಟೆ, ಕಾನ್ಸಂಟ್ರೇಟರಿಗೆ ಒಂದೂಕಾಲು ಗಂಟೆಯಷ್ಟೇ ಸಾಕು. 160 ವ್ಯಾಟ್-ಅವರಿಗಿಂತ ದೊಡ್ಡದನ್ನು ವಿಮಾನದಲ್ಲಿ ಊರಿಗೆ ಒಯ್ಯಲು ಪ್ರಯಾಣಿಕರಿಗೆ ಅನುಮತಿಯಿಲ್ಲ.

ಕೊಳ್ಳುವವರು ಮೂರು ಮಾತು ನೆನಪಿಡಬೇಕೆಂದು ನಮ್ಮ ವಿನಂತಿ. ಮೊದಲು, ನಡೆಯಲೇಬೇಕಾದ ಸಾಧನಗಳ ವ್ಯಾಟ್ ಕೂಡಿಸಿ, ಬೇಕಾದ ಗಂಟೆಗಳಿಂದ ಗುಣಿಸಿ. ಅದಕ್ಕೆ ಕಾಲುಭಾಗ ಸೇರಿಸಿ. ಎರಡನೆಯದು, ವೈದ್ಯಕೀಯ ಯಂತ್ರವಿದ್ದರೆ ಸೈನ್ ವೇವ್ ವಿದ್ಯುತ್ತನ್ನೇ ಕೇಳಿ ಪಡೆಯಿರಿ. ಮೂರನೆಯದು, ಪೆಟ್ರೋಲ್ ಜನರೇಟರನ್ನು ಎಂದೂ ಮನೆಯೊಳಗೆ, ಬಾಲ್ಕನಿಯಲ್ಲಿ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ.

ನಮ್ಮ ಅಜ್ಜಿ ಸಂಜೆ ದೀಪ ಹಚ್ಚುವ ಮುನ್ನ ಲಾಟೀನಿನ ಗಾಜು ಒರೆಸಿ, ಬತ್ತಿ ಕತ್ತರಿಸಿ, ಎಣ್ಣೆ ಎಷ್ಟಿದೆಯೆಂದು ಅಲ್ಲಾಡಿಸಿ ನೋಡುತ್ತಿದ್ದರು. ಅವರು ವಿಜ್ಞಾನ ಓದಿದವರಲ್ಲ. ನಾವು ಈಗ ಪ್ರತಿ ತಿಂಗಳ ಮೊದಲ ಭಾನುವಾರ ಬ್ಯಾಟರಿಯ ಮುಚ್ಚಳ ತೆರೆಯುತ್ತೇವೆ. ತಾಯಿಯವರು ಟಾರ್ಚು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾರೆ.