ಐನೂರರ ಗೆರೆ

ವಕೀಲಿಕೆಯ ಮೊದಲ ವರ್ಷಗಳಲ್ಲಿ ನಾನು ಬರೆದ ಜೀವನಾಂಶದ ಅರ್ಜಿಗಳಲ್ಲೆಲ್ಲ ಒಂದೇ ಅಂಕಿ: ತಿಂಗಳಿಗೆ 500 ರೂಪಾಯಿ. ಗಂಡ ಎಷ್ಟೇ ಸ್ಥಿತಿವಂತನಾಗಿರಲಿ, ಮ್ಯಾಜಿಸ್ಟ್ರೇಟರು ಅದಕ್ಕಿಂತ ಹೆಚ್ಚು ಕೊಡಿಸುವಂತಿರಲಿಲ್ಲ.

1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮು 50 ರೂಪಾಯಿಗೆ ಗೆರೆ ಎಳೆದಿತ್ತು. ಅದು 1923ರಲ್ಲಿ 100, 1955ರಲ್ಲಿ 500 ಆಯಿತು. 1973ರ ಸಂಹಿತೆ 125ನೇ ಕಲಮಿನಲ್ಲಿ ವಿಚ್ಛೇದಿತೆಯನ್ನೂ ತಂದೆತಾಯಿಯನ್ನೂ ಸೇರಿಸಿಕೊಂಡಿತು, ಮೊತ್ತವನ್ನು ಮಾತ್ರ ಮುಟ್ಟಲಿಲ್ಲ. ಹೆಂಡತಿ ಮಕ್ಕಳಿಗೆಲ್ಲ ಸೇರಿ 500 ಅಲ್ಲ, ಒಬ್ಬೊಬ್ಬರಿಗೂ ಅಷ್ಟು ಎಂದು 1978ರಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದ್ದೇ ಆಗಿನ ದೊಡ್ಡ ಆಸರೆ. ಅಕ್ಕಿಯ ಬೆಲೆ ಏರುತ್ತಿದ್ದ 46 ವರ್ಷ ಕೇಂದ್ರದ ಕಾನೂನಿನಲ್ಲಿ ಆ ಅಂಕಿ ಕದಲಲಿಲ್ಲ. ಅದು ಅನ್ಯಾಯವೆಂದೇ ಇಂದಿಗೂ ನನ್ನ ನಂಬಿಕೆ.

2001ರಲ್ಲಿ ಸಂಸತ್ತು ಮಿತಿಯನ್ನೇ ಅಳಿಸಿತು. ಆಮೇಲೆ ಮೊದಲ ಸಲ ಅರ್ಜಿಯಲ್ಲಿ 3000 ಎಂದು ಬರೆಯುವಾಗ ನನ್ನ ಕೈ ತಡವರಿಸಿತು.